ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ಮನೆ: ಮೊದಲ ಎರಡು ತಿಂಗಳು

ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸದ್ಯದಲ್ಲೇ ಕೆಲಸಕ್ಕೆ ಸೇರಲಿರುವ ಹೆಣ್ಣುಮಕ್ಕಳ ಜೊತೆಗೆ ಇವತ್ತು ಅವರ ಗಂಡಂದಿರು, ಅತ್ತೆಯಂದಿರು, ದೊಡ್ಡ ಮಕ್ಕಳು ಕೂಡ ಬಂದಿದ್ದೀರಿ. ಅದು ಬಹಳ ಒಳ್ಳೆಯದಾಯಿತು, ಯಾಕೆಂದರೆ ನನ್ನ ಮಾತು ಹೆಚ್ಚಾಗಿ ನಿಮಗೇ. ಹೊಲಿಗೆ ಕಲಿಸಲು ಫ್ಯಾಕ್ಟರಿಯಲ್ಲಿ ಟ್ರೈನಿಂಗ್ ಲೈನ್ (ಹೊಸಬರು ಕಲಿಯುವ ಮೆಷಿನ್ ಸಾಲು) ಇದೆ, ಸೂಪರ್‌ವೈಸರ್ ಇದ್ದಾರೆ. ಮನೆಗೆ ಟ್ರೈನಿಂಗ್ ಕೊಡುವವರು ಯಾರೂ ಇಲ್ಲ.

ಮೊದಲೆಲ್ಲ ಗಾರ್ಮೆಂಟ್ಸ್ ಅಂದರೆ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ. ಕೆಲಸ ಬೇಕಾದವರು ಬೆಂಗಳೂರಿಗೆ ಹೋಗಿ ರೂಮು ಮಾಡುತ್ತಿದ್ದರು. ಈಗ ರಾಮನಗರ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ದಾರಿಯಲ್ಲೇ ಫ್ಯಾಕ್ಟರಿಗಳಿವೆ. ಊರಿಗೇ ವ್ಯಾನು ಬರುತ್ತದೆ. ಹಾಗಾಗಿ ಹೊಲ, ಹಸು, ಒಲೆ, ಮಕ್ಕಳ ಸ್ಕೂಲು ಇದ್ದಲ್ಲೇ ಇರುತ್ತವೆ, ಅವುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಒಬ್ಬರು ಮಾತ್ರ ಬೆಳಿಗ್ಗೆಯಿಂದ ಸಂಜೆವರೆಗೆ ಇರುವುದಿಲ್ಲ. ಹೊಸದಾಗಿ ಸೇರಿದವರು ಎರಡು ತಿಂಗಳೊಳಗೆ ಬಿಟ್ಟರೆ, ‘ಟಾರ್ಗೆಟ್ ಜಾಸ್ತಿ’ ಅನ್ನುತ್ತಾರೆ, ಅಂದರೆ ಗಂಟೆಗೆ ಹೊಲಿಯಬೇಕಾದ ಪೀಸು ಜಾಸ್ತಿ ಅಂತ. ಟಾರ್ಗೆಟ್ ಜಾಸ್ತಿ ಇರುವುದು ನಿಜವೇ. ಆದರೆ ಕೂರಿಸಿ ಕೇಳಿದರೆ ಅದರ ಹಿಂದೆ ಮನೆಯ ಎರಡೋ ಮೂರೋ ಕೆಲಸಗಳು ಇರುತ್ತವೆ. ಅವು ಇನ್ನು ಯಾರ ಪಾಲಿಗೆ ಅಂತ ಯಾರೂ ಬಾಯಿ ಬಿಟ್ಟು ತೀರ್ಮಾನ ಮಾಡಿರುವುದಿಲ್ಲ.

ಮೊದಲು ಹೊತ್ತಿನ ಲೆಕ್ಕ ಹಾಕೋಣ. ಶಿಫ್ಟು 9ರಿಂದ 5.30, ಮಧ್ಯೆ ಅರ್ಧ ಗಂಟೆ ಊಟ ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ಎಂಟು ಗಂಟೆ ಕೆಲಸ. ಆದರೆ ವ್ಯಾನು ಐದಾರು ಊರು ಸುತ್ತಿಕೊಂಡು ಹೋಗುತ್ತದೆ. ಬೆಳಿಗ್ಗೆ 7.30ಕ್ಕೆ ಹತ್ತಿದವರು ಸಂಜೆ ಇಳಿಯುವುದು 6.45ಕ್ಕೆ. ಅಲ್ಲಿಗೆ ಹನ್ನೊಂದೂಕಾಲು ಗಂಟೆ. ಓಟಿ (ಶಿಫ್ಟು ಮುಗಿದ ಮೇಲಿನ ಹೆಚ್ಚುವರಿ ಕೆಲಸ) ಇದ್ದ ದಿನ ಇನ್ನೂ ತಡ. ಬೆಳಿಗ್ಗೆ ಮೊದಲು ಹತ್ತುವ ಊರಿನವರೇ ಸಾಮಾನ್ಯವಾಗಿ ಸಂಜೆ ಕೊನೆಗೆ ಇಳಿಯುತ್ತಾರೆ. ಸೇರುವ ಮುಂಚೆಯೇ ವ್ಯಾನಿನ ಡ್ರೈವರ್ ಹತ್ತಿರ ನಿಮ್ಮ ಊರಿನ ಸರದಿ ಕೇಳಿ. ವ್ಯಾನು ಕೆಟ್ಟ ದಿನಕ್ಕೆ ಯಾವ ಬಸ್ಸು, ಎಷ್ಟು ಹೊತ್ತಿಗೆ ಅನ್ನುವುದೂ ಗೊತ್ತಿರಲಿ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇರುವುದರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿನ ಯೋಚನೆ ಇಲ್ಲ, ಆದರೆ ವಿಳಾಸ ಇರುವ ಗುರುತಿನ ಚೀಟಿ ಬ್ಯಾಗಿನಲ್ಲೇ ಇರಬೇಕು.

ಈಗ 7.30ರಿಂದ ಹಿಂದಕ್ಕೆ ಎಣಿಸಿ. 7.20ಕ್ಕೆ ಮನೆ ಬಿಡಬೇಕು. ಸ್ನಾನ, ಬಟ್ಟೆ, ತಿಂಡಿ ತಿನ್ನುವುದಕ್ಕೆ 40 ನಿಮಿಷ. ಮಕ್ಕಳನ್ನು ಎಬ್ಬಿಸಿ ತಲೆ ಬಾಚುವುದಕ್ಕೆ 20. ಅಡುಗೆಗೆ 50. ಅಂದರೆ 5.30ಕ್ಕೆ ಒಲೆ ಹೊತ್ತಿರಬೇಕು, 5.15ಕ್ಕೆ ಏಳಬೇಕು. ಏಳು ಗಂಟೆ ನಿದ್ದೆ ಬೇಕಾದರೆ ರಾತ್ರಿ 10ಕ್ಕೆ ದೀಪ ಆರಿರಬೇಕು. ಈ ಲೆಕ್ಕದಲ್ಲಿ ಹಾಲು ಕರೆಯುವುದು, ಕೊಟ್ಟಿಗೆ ಬಾಚುವುದು, ಅಂಗಳ ಗುಡಿಸುವುದು, ನೀರು ಹಿಡಿಯುವುದು ಯಾವುದೂ ಸೇರಿಲ್ಲ, ಗಮನಿಸಿ. ಅವನ್ನೂ ಅವಳೇ ಮಾಡಬೇಕಾದರೆ ನಾಲ್ಕಕ್ಕೆ ಏಳಬೇಕು. ಸೂಜಿ ಮುಂದೆ ಕೂತು ತೂಕಡಿಸಿದರೆ ಬೆರಳಿಗೆ ಸೂಜಿ ಹೊಕ್ಕುತ್ತದೆ. ಹಾಗಾಗಿ ಆ ನಾಲ್ಕು ಕೆಲಸಗಳು ಬೇರೆಯವರ ಕೈಗೆ ಹೋಗಲೇಬೇಕು.

ಹೋಗಬೇಕಾದದ್ದು ಪೂರ್ತಿ ಕೆಲಸ ಅನ್ನುವುದನ್ನು ಒತ್ತಿ ಹೇಳುತ್ತೇನೆ. ‘ನಾನೂ ಸ್ವಲ್ಪ ಕೈಜೋಡಿಸ್ತೀನಿ’ ಅನ್ನುವುದು ಒಳ್ಳೆಯ ಮನಸ್ಸು. ಆದರೆ ಆಗ ಕೆಲಸ ಅವಳ ತಲೆಯಲ್ಲೇ ಉಳಿಯುತ್ತದೆ: ಯಾವಾಗ, ಎಷ್ಟು, ಏನು ಮುಗಿದಿದೆ ಅಂತ ಅವಳೇ ನೆನಪಿಟ್ಟು ಹೇಳಬೇಕು. ನೀರು ಹಿಡಿಯುವುದು ನಿಮ್ಮ ಪಾಲಿಗೆ ಬಂದರೆ, ನಲ್ಲಿ ಯಾವ ದಿನ ಬಿಡುತ್ತಾರೆ, ಡ್ರಮ್ಮು ಯಾವಾಗ ತೊಳೆಯಬೇಕು, ಕುಡಿಯುವ ನೀರಿನ ಕ್ಯಾನು ಖಾಲಿಯಾಯಿತಾ, ಇವೆಲ್ಲ ನಿಮ್ಮ ತಲೆಯಲ್ಲೇ ಇರಬೇಕು.

ಹಸುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಂಡ್ಯ ಸೀಮೆಯಲ್ಲಿ ಒಂದೋ ಎರಡೋ ಸೀಮೆಹಸು ಇಲ್ಲದ ಮನೆ ಕಡಿಮೆ, ಕರೆಯುವವರು ಹೆಚ್ಚಾಗಿ ಹೆಂಗಸರೇ. ಕೆಲಸಕ್ಕೆ ಸೇರಿದ ಮೊದಲ ವಾರವೇ ಡೇರಿಯಲ್ಲಿ ಹಾಲು ಒಂದೆರಡು ಲೀಟರ್ ಇಳಿಯುತ್ತದೆ. ‘ಇವಳು ದುಡಿದು ತರೋದು ಇಲ್ಲೇ ಹೋಯ್ತು’ ಅನ್ನುವ ಮಾತು ಬರುತ್ತದೆ. ಹಾಲು ಇಳಿಯುವುದಕ್ಕೆ ಕಾರಣ ಇದೆ. ಹಸು ಒಬ್ಬರ ಕೈಗೆ, ಒಂದು ಹೊತ್ತಿಗೆ ಒಗ್ಗಿರುತ್ತದೆ. ಕೈ, ಹೊತ್ತು ಎರಡೂ ಒಂದೇ ದಿನ ಬದಲಾದರೆ ಗಾಬರಿಯಾಗಿ ಹಾಲು ಇಳಿಸುವುದಿಲ್ಲ, ಕೆಚ್ಚಲಲ್ಲೇ ಹಿಡಿದುಕೊಳ್ಳುತ್ತದೆ. ಹಾಗೆ ಉಳಿದ ಹಾಲಿನಿಂದ ಕೆಚ್ಚಲು ಬಾವು ಬರುವ ಸಾಧ್ಯತೆ ಹೆಚ್ಚು.

ಅದಕ್ಕೆ ಕೆಲಸಕ್ಕೆ ಸೇರುವ ಎರಡು ವಾರ ಮುಂಚೆಯೇ ಶುರು ಮಾಡಿ. ಮೊದಲ ಮೂರು ನಾಲ್ಕು ದಿನ, ಮುಂದೆ ಕರೆಯಬೇಕಾದವರು ಪಕ್ಕದಲ್ಲಿ ನಿಂತು ಬೂಸಾ ಇಡಲಿ, ಮೈ ಸವರಲಿ. ಆಮೇಲೆ ಕೆಚ್ಚಲು ತೊಳೆಯುವುದು ಅವರ ಕೆಲಸವಾಗಲಿ. ಆಮೇಲೆ ಎರಡು ಮೊಲೆ ಇವರು, ಎರಡು ಮೊಲೆ ಅವರು. ಎರಡನೇ ವಾರ ಪೂರ್ತಿ ಹೊಸ ಕೈ. ಹೊತ್ತು ಬದಲಿಸಬೇಕಾದರೆ ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಜರುಗಿಸಿ. ಬೆಳಿಗ್ಗೆಗೂ ಸಂಜೆಗೂ ಮಧ್ಯೆ ಆದಷ್ಟು ಹನ್ನೆರಡು ಗಂಟೆ ಇರಲಿ.

ಹೊಸದಾಗಿ ಕರೆಯುವ ಗಂಡಸರು ಹೆಬ್ಬೆರಳು ಮಡಚಿ, ಗೆಣ್ಣಿನಿಂದ ಮೊಲೆತೊಟ್ಟು ಒತ್ತುತ್ತಾರೆ. ಅದರಿಂದ ತೊಟ್ಟಿನ ಒಳಗೆ ಗಾಯವಾಗುತ್ತದೆ. ಇಡೀ ಮುಷ್ಟಿಯಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಒತ್ತಬೇಕು. ಕೆಚ್ಚಲು ತೊಳೆದು ನೀವಿದ ಒಂದು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಅದಾದ ಮೇಲೆ ಐದಾರು ನಿಮಿಷದಲ್ಲಿ ಕರೆದು ಮುಗಿಸಬೇಕು, ನಡುವೆ ಎದ್ದು ಫೋನ್ ಎತ್ತಿಕೊಳ್ಳುವಂತಿಲ್ಲ. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟು ನೋಡಿ; ಗರಣೆ ಗರಣೆಯಾಗಿ ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಕರೆದಾದ ಮೇಲೆ ತೊಟ್ಟಿನ ಬಾಯಿ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಅದಕ್ಕೇ ಹುಲ್ಲು ಹಾಕಿ ಅರ್ಧ ಗಂಟೆಯಾದರೂ ಹಸು ಮಲಗದಂತೆ ನೋಡಿಕೊಳ್ಳಬೇಕು. ಇನ್ನೊಂದು ಮಾತು: ಡೇರಿಯ ಸದಸ್ಯತ್ವ ಅವಳ ಹೆಸರಲ್ಲಿದ್ದರೆ ಕ್ಯಾನು ಯಾರೇ ಹೊತ್ತುಕೊಂಡು ಹೋಗಲಿ, ಹಾಲು ಅವಳ ನಂಬರಿಗೇ ಬೀಳಲಿ. ಸರ್ಕಾರದ ಪ್ರೋತ್ಸಾಹಧನವೂ ಆ ಖಾತೆಗೇ ಬರುವುದು.

ಇನ್ನು ಅಡುಗೆ. 50 ನಿಮಿಷದಲ್ಲಿ ಬೆಳಗಿನ ತಿಂಡಿ ಬೇರೆ, ಡಬ್ಬಿಗೆ ಬೇರೆ, ಮನೆಯಲ್ಲಿರುವವರಿಗೆ ಮುದ್ದೆ ಸಾರು ಬೇರೆ ಅಂದರೆ ಯಾರಿಂದಲೂ ಆಗುವುದಿಲ್ಲ. ಬೆಳಿಗ್ಗೆ ಒಂದೇ ಪದಾರ್ಥ ಮಾಡಿ. ತಿಂಡಿಗೂ ಅದೇ, ಡಬ್ಬಿಗೂ ಅದೇ. ಮಧ್ಯಾಹ್ನದ ಮುದ್ದೆ ಮನೆಯಲ್ಲಿರುವವರ ಕೆಲಸ. ಅತ್ತೆಗೆ ಮುದ್ದೆ ತಿರುವುವಷ್ಟು ರಟ್ಟೆ ಇಲ್ಲದಿದ್ದರೆ ಗಂಡಸರು ಕಲಿಯಬೇಕು, ಒಂದು ವಾರದಲ್ಲಿ ಕೈಗೆ ಬರುತ್ತದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಎಸರಿಗೆ ಹಾಕಿ. ಚೆನ್ನಾಗಿ ಮರಳಿದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಲ್ಲಿ ಒಂದು ತೂತು ಮಾಡಿ, ಉರಿ ಇಳಿಸಿ ಎಂಟು ಹತ್ತು ನಿಮಿಷ ಬೇಯಲು ಬಿಡಿ. ಅವಸರಪಟ್ಟು ಮೊದಲೇ ತಿರುವಿದರೆ ಒಳಗೆ ಗಂಟು ಉಳಿಯುತ್ತದೆ, ಹಸಿಹಿಟ್ಟಿನ ವಾಸನೆ ಹೋಗುವುದಿಲ್ಲ. ಹೊಸಬರ ಮುದ್ದೆ ಕೆಡುವುದು ಬಹುಪಾಲು ಈ ಎಂಟು ನಿಮಿಷ ಕಾಯದೆ ಹೋದದ್ದರಿಂದ.

ಡಬ್ಬಿ ಬೆಳಿಗ್ಗೆ ಏಳಕ್ಕೆ ಮುಚ್ಚಿದರೆ ತೆಗೆಯುವುದು ಒಂದು ಗಂಟೆಯ ಹೊತ್ತಿಗೆ. ಬೇಸಿಗೆಯಲ್ಲಿ ಆ ಆರು ಗಂಟೆ ಬಹಳ ದೀರ್ಘ. ಬಿಸಿ ಅನ್ನ ಹಾಗೇ ತುಂಬಿ ಮುಚ್ಚಳ ಹಾಕಿದರೆ ಬೆವರಿ ನೀರಾಡುತ್ತದೆ, ಬೇಗ ಹಳಸುತ್ತದೆ. ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಆರಿಸಿ ತುಂಬಿ. ಹಸಿ ತೆಂಗಿನಕಾಯಿ ಹಾಕಿದ ಚಟ್ನಿ, ಪಲ್ಯ ಡಬ್ಬಿಗೆ ಬೇಡ; ಹುಣಸೆ ಹುಳಿ, ನಿಂಬೆ ಹುಳಿ, ಚಟ್ನಿಪುಡಿ ತಾಳುತ್ತವೆ. ಭಾನುವಾರ ಪುಳಿಯೋಗರೆ ಗೊಜ್ಜು ಮಾಡಿಟ್ಟರೆ ವಾರದಲ್ಲಿ ಎರಡು ಬೆಳಿಗ್ಗೆ ಹಗುರ. 100 ಗ್ರಾಂ ಹುಣಸೆಹಣ್ಣಿನ ಗಟ್ಟಿ ರಸಕ್ಕೆ 100 ಮಿಲಿ ಎಣ್ಣೆ, 50 ಗ್ರಾಂ ಬೆಲ್ಲ, ಉಪ್ಪು, ಪುಡಿ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿ. ಗೊಜ್ಜು ಬೂಸ್ಟು ಹಿಡಿದರೆ ಒಂದೋ ನೀರಿನಂಶ ಉಳಿದಿರುತ್ತದೆ, ಇಲ್ಲ ಒದ್ದೆ ಚಮಚ ಹಾಕಿರುತ್ತೀರಿ.

ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿಗೆ ತುಂಬುವ ಅಭ್ಯಾಸ ಫ್ರಿಜ್ ಇಲ್ಲದ ಮನೆಯವರು ಬಿಡಬೇಕು. ಅನ್ನ ಬೆಂದರೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾ ಬೀಜಗಳು ಅಕ್ಕಿಯಲ್ಲಿ ಇರುತ್ತವೆ. ಹೊರಗೆ ಇಟ್ಟ ಅನ್ನದಲ್ಲಿ ರಾತ್ರಿಯೆಲ್ಲ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅದರ ಮೇಲೆ ಡಬ್ಬಿಯೊಳಗೆ ಇನ್ನೂ ಆರು ಗಂಟೆ. ಲೈನಿನಲ್ಲಿ ಕೂತಾಗ ವಾಂತಿ ಶುರುವಾದರೆ ಅವತ್ತಿನ ಸಂಬಳವೂ ಹೋಯಿತು. ಕುಕ್ಕರಿನಲ್ಲಿ ಹೊಸ ಅನ್ನಕ್ಕೆ ಬೇಕಾಗುವುದು ಇಪ್ಪತ್ತು ನಿಮಿಷ. ರಾತ್ರಿಯೇ ಈರುಳ್ಳಿ, ಮೆಣಸಿನಕಾಯಿ ಹೆಚ್ಚಿಟ್ಟು ಅಕ್ಕಿ ಅಳೆದಿಟ್ಟರೆ ಅಷ್ಟೇ ಸಾಕು. ರಾತ್ರಿಯ ಸಾರು ಬೆಳಿಗ್ಗೆಗೂ ಬೇಕಾದರೆ ಕಾಯಿ ಅರೆದು ಹಾಕಬೇಡಿ. ಮಲಗುವ ಮುಂಚೆ ಒಂದು ಸಲ ಕುದಿಸಿ, ಆಮೇಲೆ ಸೌಟು ಅದ್ದದೆ ಮುಚ್ಚಿಡಿ, ಬೆಳಿಗ್ಗೆ ಮತ್ತೆ ಕುದಿಸಿ.

ಮಕ್ಕಳ ವಿಷಯಕ್ಕೆ ಬರೋಣ. ಸ್ಕೂಲು ಬಿಡುವುದು ನಾಲ್ಕರ ಮೇಲೆ, ಅಮ್ಮ ಬರುವುದು 6.45ಕ್ಕೆ. ಈ ಎರಡೂವರೆ ಗಂಟೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಹೇಗೋ ವ್ಯವಸ್ಥೆಯಾಗುತ್ತದೆ. ಕಣ್ಣಿಗೆ ಬೀಳದೆ ಇರುವುದು ಶನಿವಾರ. ಶನಿವಾರ ಬೆಳಗಿನ ಸ್ಕೂಲು, ಮಧ್ಯಾಹ್ನದೊಳಗೆ ಮಕ್ಕಳು ಮನೆಗೆ. ಫ್ಯಾಕ್ಟರಿಗೆ ಪೂರ್ತಿ ದಿನ. ಬೀಗ ಹಾಕಿದ ಮನೆ ಮುಂದೆ ಮಕ್ಕಳು ಕೂತಿರುವುದು, ಇಲ್ಲ ಕಾಲುವೆ ಕಡೆ ಈಜಲು ಹೋಗುವುದು ಶನಿವಾರವೇ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶನಿವಾರ ಮಧ್ಯಾಹ್ನ ಯಾರ ಮನೆ, ಊಟ ಯಾರು ಹಾಕುತ್ತಾರೆ, ಬೀಗದ ಕೈ ಯಾರ ಹತ್ತಿರ ಅಂತ ಮೊದಲ ವಾರವೇ ತೀರ್ಮಾನವಾಗಲಿ. ದಸರಾ ರಜೆ, ಏಪ್ರಿಲ್ ಮೇ ರಜೆಗೂ ಹಾಗೆಯೇ. ಆ ದಿನಗಳಲ್ಲಿ ಸ್ಕೂಲಿನ ಬಿಸಿಯೂಟ ಇಲ್ಲ ಅನ್ನುವುದು ಅಡುಗೆಯ ಲೆಕ್ಕಕ್ಕೂ ಸೇರಬೇಕು.

ಎಷ್ಟೋ ಫ್ಯಾಕ್ಟರಿಗಳಲ್ಲಿ ಲೈನಿನೊಳಗೆ ಮೊಬೈಲ್ ಬಿಡುವುದಿಲ್ಲ, ಲಾಕರಿನಲ್ಲೋ ಗೇಟಿನಲ್ಲೋ ಇಡಬೇಕು. ಸ್ಕೂಲಿನ ರಿಜಿಸ್ಟರಿನಲ್ಲಿ ಇರುವುದು ಅಮ್ಮನ ನಂಬರು. ಮಗು ಬಿದ್ದು ಪೆಟ್ಟಾದಾಗ ಮೇಷ್ಟ್ರು ಹತ್ತು ಸಲ ರಿಂಗ್ ಕೊಟ್ಟರೂ ಎತ್ತುವವರು ಇರುವುದಿಲ್ಲ. ಸ್ಕೂಲಿಗೆ ಹೋಗಿ ಮೂರು ನಂಬರು ಬರೆಸಿ: ಅಪ್ಪನದು, ಊರಲ್ಲೇ ಇರುವ ಒಬ್ಬರದು, ಫ್ಯಾಕ್ಟರಿಯ ಎಚ್‌ಆರ್ (ಸಿಬ್ಬಂದಿ ವಿಭಾಗ) ಅಥವಾ ಹಾಜರಿ ನೋಡುವ ಟೈಮ್ ಆಫೀಸಿನದು. ಆ ಕೊನೆಯ ನಂಬರಿನ ಜೊತೆ ಅವಳ ಟೋಕನ್ ನಂಬರು, ಲೈನ್ ನಂಬರು ಕೂಡ ಬರೆಸಿ. ಬರೀ ‘ಲಕ್ಷ್ಮಮ್ಮನ್ನ ಕರೀರಿ’ ಅಂದರೆ ಸಾವಿರ ಜನರಲ್ಲಿ ಹುಡುಕುವುದು ಹೇಗೆ?

ಎದೆಹಾಲು ಕುಡಿಯುವ ಮಗು ಇರುವವರು ಸೇರುವ ಎರಡು ವಾರ ಮುಂಚೆ ಕೈಯಲ್ಲಿ ಹಾಲು ಹಿಂಡುವುದನ್ನು, ಮಗುವಿಗೆ ಒಳಲೆಯಲ್ಲೋ ಬಟ್ಟಲು ಚಮಚದಲ್ಲೋ ಕುಡಿಯುವುದನ್ನು ರೂಢಿ ಮಾಡಬೇಕು. ಬಾಟಲಿ ಬೇಡ, ಅದನ್ನು ಸರಿಯಾಗಿ ತೊಳೆಯುವುದು ಕಷ್ಟ. ಕುದಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ ಮುಚ್ಚಿಟ್ಟ ಹಾಲು ಮನೆಯ ತಂಪಾದ ಜಾಗದಲ್ಲಿ ನಾಲ್ಕು ಗಂಟೆ ಇರುತ್ತದೆ, ಬಿರುಬೇಸಿಗೆಯಲ್ಲಿ ಅಷ್ಟೂ ಇಲ್ಲ. ಫ್ರಿಜ್ಜಿನ ಒಳಭಾಗದಲ್ಲಿ ಇಟ್ಟರೆ ಒಂದು ದಿನಕ್ಕೆ ಯೋಚನೆ ಇಲ್ಲ. ಬಿಸಿ ಮಾಡಲು ಒಲೆ ಮೇಲೆ ಇಡಬಾರದು, ಬಿಸಿನೀರಿನಲ್ಲಿ ಬಟ್ಟಲು ಕೂರಿಸಬೇಕು. ಹೊರಡುವ ಮುಂಚೆ ಒಂದು ಸಲ, ಬಂದ ಕೂಡಲೇ ಒಂದು ಸಲ ಎದೆಗೆ ಹಾಕಿಕೊಳ್ಳಿ. ರಾತ್ರಿಯ ಹಾಲು ನಿಲ್ಲಿಸಬೇಡಿ. ಫ್ಯಾಕ್ಟರಿಯಲ್ಲಿ ಎದೆ ಬಿಗಿದರೆ ಟೀ ವಿರಾಮದಲ್ಲೂ ಊಟದ ವಿರಾಮದಲ್ಲೂ ಹಿಂಡಿ ತೆಗೆಯಲೇಬೇಕು. ಬಿಗಿದುಕೊಂಡೇ ಕೂತರೆ ಗಂಟು ಕಟ್ಟಿ, ಕೆಂಪಾಗಿ, ಜ್ವರ ಬರುತ್ತದೆ, ಹಾಲೂ ಕಡಿಮೆಯಾಗುತ್ತದೆ.

ಸಂಜೆ ವ್ಯಾನು ಇಳಿದು ಬಂದವಳು ಮಾತಾಡದೆ ಕೂತರೆ ಸಿಟ್ಟು ಅಂದುಕೊಳ್ಳಬೇಡಿ. ಇಡೀ ದಿನ ನೂರಾರು ಮೆಷಿನ್ ಸದ್ದು ಕಿವಿಯಲ್ಲಿ ಇರುತ್ತದೆ. ಮೊದಲ ಮೂರು ನಾಲ್ಕು ವಾರ ಕೈ ಓಡುವುದಿಲ್ಲ. ಕಾಲರೋ ಕಫ್ಫೋ ಒಂದೇ ಭಾಗವನ್ನು ಮತ್ತೆ ಮತ್ತೆ ಹೊಲಿದು ಪೀಸಿನ ಲೆಕ್ಕ ಗಂಟೆಗಂಟೆಗೂ ಬೋರ್ಡಿನ ಮೇಲೆ ಬೀಳುತ್ತದೆ, ಹಿಂದೆ ಬಿದ್ದವರಿಗೆ ಮಾತು ಬೀಳುತ್ತದೆ. ಮನೆಗೆ ಬಂದ ಮೇಲೆ ಇಪ್ಪತ್ತು ನಿಮಿಷ ಯಾರೂ ಏನೂ ಕೇಳದೆ, ಕಾಲು ಚಾಚಿ ಕೂರಲು ಬಿಡಿ, ಒಂದು ಲೋಟ ಕಾಫಿ ಕೊಡಿ. ಅದು ಉಪಚಾರವಲ್ಲ, ನಾಳೆ ಅವಳು ಮತ್ತೆ ಏಳಬೇಕಲ್ಲ, ಅದಕ್ಕೆ.

ಹೆಣ್ಣುಮಕ್ಕಳಿಗೂ ಒಂದು ಮಾತು. ಟಾಯ್ಲೆಟ್ಟಿಗೆ ಎದ್ದರೆ ಪೀಸು ಹಿಂದೆ ಬೀಳುತ್ತವೆ ಅಂತ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಉರಿಮೂತ್ರ ಬರುವುದು ಅದರಿಂದಲೇ. ಎದ್ದ ಕೂಡಲೇ ಎರಡು ಲೋಟ, ಬ್ಯಾಗಿನಲ್ಲಿ ಒಂದು ಲೀಟರ್ ಬಾಟಲಿ, ಅದು ಊಟದೊಳಗೆ ಅರ್ಧ, ಸಂಜೆಯೊಳಗೆ ಖಾಲಿ. ಉರಿ, ಸೊಂಟನೋವು, ಚಳಿಜ್ವರ ಒಟ್ಟಿಗೆ ಬಂದರೆ ಎಳನೀರು ಕುಡಿದು ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಈಗ ದುಡ್ಡು. ತಿಂಗಳಿಗೆ 12,000 ಅಂತ ಮಾತಾದರೆ ಕೈಗೆ 12,000 ಬರುವುದಿಲ್ಲ. ಅಷ್ಟೂ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಆಗಿದ್ದರೆ ಪಿಎಫ್ (ಭವಿಷ್ಯನಿಧಿ) 12 ಪರ್ಸೆಂಟ್ ಅಂದರೆ 1,440, ಇಎಸ್‌ಐ (ಕಾರ್ಮಿಕರ ಚಿಕಿತ್ಸೆಯ ವಿಮೆ) 0.75 ಪರ್ಸೆಂಟ್ ಅಂದರೆ 90. ಉಳಿಯುವುದು 10,470. ವ್ಯಾನಿಗೆ ಹಿಡಿಯುತ್ತಾರಾ ಕೇಳಿಕೊಳ್ಳಿ. ಮೊದಲ ತಿಂಗಳು ಇನ್ನೂ ಕಡಿಮೆ: 30 ದಿನದ ತಿಂಗಳಲ್ಲಿ 10ನೇ ತಾರೀಕು ಸೇರಿದರೆ 21 ದಿನದ ಸಂಬಳ, 8,400. ಕಡಿತ ಕಳೆದು 7,329. ಅದು ಬರುವುದೂ ಮುಂದಿನ ತಿಂಗಳು 7ನೇ ತಾರೀಕಿನ ಹೊತ್ತಿಗೆ. ಅಲ್ಲಿಯವರೆಗೆ ನಾಲ್ಕು ವಾರ ಖರ್ಚು ಹೆಚ್ಚಿರುತ್ತದೆ, ಆದಾಯ ಇರುವುದಿಲ್ಲ. ಹೊಸ ಸಂಬಳವನ್ನು ನಂಬಿ ಸಂಘದಲ್ಲೋ ಫೈನಾನ್ಸಿನಲ್ಲೋ ಸಾಲ ಎತ್ತಿ ಮೊದಲ ತಿಂಗಳೇ ಕಂತು ಕಟ್ಟುತ್ತೇವೆ ಅಂದುಕೊಳ್ಳಬೇಡಿ. ಮೂರು ಸಂಬಳ ಬರಲಿ, ರಜಾ ಕಡಿತ ಎಷ್ಟಾಗುತ್ತದೆ ಗೊತ್ತಾಗಲಿ, ಆಮೇಲೆ ನೋಡಿ.

ಸೇರುವ ದಿನ ಕೊಡುವ ಕಾಗದಗಳಲ್ಲಿ ಹೆಸರು ಆಧಾರಿನಲ್ಲಿ ಇರುವಂತೆಯೇ ಇರಬೇಕು. ನಮ್ಮ ಕಡೆ ಇನಿಷಿಯಲ್ ತೊಂದರೆ ಬಹಳ: ಆಧಾರಿನಲ್ಲಿ ಬರೀ ಹೆಸರು, ಬ್ಯಾಂಕಿನಲ್ಲಿ ಹಿಂದೊಂದು ಅಕ್ಷರ, ಪ್ಯಾನ್‌ನಲ್ಲಿ ಗಂಡನ ಹೆಸರು. ಹೀಗಿದ್ದರೆ ಐದಾರು ವರ್ಷ ಆದ ಮೇಲೆ ಪಿಎಫ್ ದುಡ್ಡಿಗೆ ಅರ್ಜಿ ಹಾಕಿದಾಗ ವಾಪಸ್ ಬರುತ್ತದೆ. ಈಗಲೇ ಸರಿ ಮಾಡಿಸಿ. ಹಿಂದೆ ಬೇರೆ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದ್ದರೆ ಆ ಹಳೆಯ 12 ಅಂಕಿಯ ಪಿಎಫ್ ನಂಬರನ್ನೇ (ಯುಎಎನ್ ಅನ್ನುತ್ತಾರೆ) ಕೊಡಿ, ಹೊಸದು ಮಾಡಿಸಬೇಡಿ. ನಾಮಿನಿ ಹೆಸರು ತುಂಬಿಸಿ.

ಇಎಸ್‌ಐ ಕಾರ್ಡಿಗೆ ಗಂಡ, ಮಕ್ಕಳು, ಅವಲಂಬಿತ ತಂದೆತಾಯಿಯ ವಿವರವನ್ನು ಕೂಡಲೇ ಸೇರಿಸಿ. ಸೇರಿದ ದಿನದಿಂದಲೇ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಡಿಸ್ಪೆನ್ಸರಿ ಆರಿಸುವಾಗ ಫ್ಯಾಕ್ಟರಿ ಹತ್ತಿರದ್ದು ಬೇಡ, ಮನೆಗೆ ಹತ್ತಿರದ್ದು ಬರೆಸಿ. ಮಗುವಿಗೆ ಜ್ವರ ಬಂದಾಗ ಕರೆದುಕೊಂಡು ಹೋಗುವವರು ಮನೆಯಲ್ಲಿರುವವರು. ಕಾಯಿಲೆ ರಜೆಗೆ ಸಂಬಳದ 70 ಪರ್ಸೆಂಟ್ ದುಡ್ಡು ಬರುತ್ತದೆ ಅಂತ ಕೇಳಿರುತ್ತೀರಿ. ಅದು ಹೊಸಬರಿಗೆ ಮೊದಲ ಒಂಬತ್ತು ತಿಂಗಳು ಸಿಗುವುದಿಲ್ಲ, ವಂತಿಗೆ ಹಿಡಿಯುವ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಲೂ ಬೇಕು. ಆದರೆ ಕೆಲಸದಲ್ಲಿ ಪೆಟ್ಟಾದರೆ ಕಾಯುವ ಅವಧಿ ಇಲ್ಲ, ಮೊದಲ ದಿನವೇ ಆದರೂ ಸಂಬಳದ 90 ಪರ್ಸೆಂಟ್ ಉಂಟು. ಸೂಜಿ ಹೊಕ್ಕರೆ ಅರಿಶಿನ ಹಚ್ಚಿಕೊಂಡು ಸುಮ್ಮನಿರಬೇಡಿ, ಅಪಘಾತದ ಪುಸ್ತಕದಲ್ಲಿ ಅವತ್ತೇ ಬರೆಸಿ.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆ. ಅತ್ತೆಗೆ ಮಂಡಿ ನೋವು, ಎರಡು ವರ್ಷದ ಮಗು, ಅಂಗನವಾಡಿಯಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ಆದ ಮೇಲೆ. ಫ್ಯಾಕ್ಟರಿಯ ಶಿಶುಪಾಲನಾ ಕೇಂದ್ರಕ್ಕೆ ಕರೆದುಕೊಂಡು ಹೋಗುವುದಾ, ಮನೆಯಲ್ಲೇ ಬಿಡುವುದಾ? ಓಡುವ ಮಗುವಿನ ಹಿಂದೆ ಮಂಡಿ ನೋವಿನವರು ಓಡಲಾರರು. ನೀರಿನ ತೊಟ್ಟಿ, ಒಲೆ, ಹಸು ಇರುವ ಮನೆಯಲ್ಲಿ ಅವರೊಬ್ಬರ ಮೇಲೆ ಬಿಡುವುದು ಸರಿಯಲ್ಲ. ನಿಮ್ಮ ಪಂಚಾಯ್ತಿಯಲ್ಲಿ ‘ಕೂಸಿನ ಮನೆ’ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. ಅದು ನರೇಗಾ ಕೂಲಿಕಾರರ ಮಕ್ಕಳಿಗೆ ಅಂತ ಶುರುವಾದದ್ದು, ಜಾಗ ಇದ್ದರೆ ಸೇರಿಸಿಕೊಳ್ಳುತ್ತಾರಾ ಪಿಡಿಒ ಅವರನ್ನು ಕೇಳಿ. ಫ್ಯಾಕ್ಟರಿಯದ್ದಾದರೆ ಸೇರಿಸುವ ಮುಂಚೆ ಒಂದು ದಿನ ಒಳಗೆ ಹೋಗಿ ನೋಡಿ: ಎಷ್ಟು ಮಕ್ಕಳಿಗೆ ಎಷ್ಟು ಆಯಾ, ಹಾಲು ಊಟ ಅವರು ಕೊಡುತ್ತಾರಾ ನೀವು ತರಬೇಕಾ, ಮಗು ನೋಡಲು ಯಾವ ಹೊತ್ತಿಗೆ ಬಿಡುತ್ತಾರೆ, ಓಟಿ ಇದ್ದ ದಿನ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ. ವ್ಯಾನಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಲು ಸೀಟು ಖಾಯಂ ಸಿಗುತ್ತದಾ ಅನ್ನುವುದನ್ನೂ ಕೇಳಬೇಕು. ಗಂಟೆಗಟ್ಟಲೆ ನಿಂತುಕೊಂಡು ಮಗುವನ್ನು ಎತ್ತಿಕೊಂಡು ಹೋಗುವ ಹಾಗಿದ್ದರೆ ಒಂದು ವಾರದಲ್ಲಿ ತಾಯಿ ಮಗು ಇಬ್ಬರೂ ಮಲಗುತ್ತಾರೆ. ಅಂಥ ಕಡೆ ನಿಮ್ಮ ಊರಿನಿಂದ ಮಗು ತರುವವರು ಮೂರು ನಾಲ್ಕು ಮಂದಿ ಒಟ್ಟಾಗಿ ಎಚ್‌ಆರ್ ಹತ್ತಿರ ಹೋಗಿ ಮುಂದಿನ ಎರಡು ಸೀಟು ಬರೆಸಿಕೊಳ್ಳಿ. ಒಬ್ಬೊಬ್ಬರೇ ಹೋದರೆ ಡ್ರೈವರನ್ನು ಕೇಳಿ ಅಂತ ಕಳಿಸುತ್ತಾರೆ.